ಒಂದೇ ಲೈನು, ಹತ್ತು ಕಂಪ್ಯೂಟರು: ಶಾಲೆಯ ಬ್ರಾಡ್‌ಬ್ಯಾಂಡನ್ನು ಪ್ರಾಕ್ಸಿ ಸರ್ವರ್ ಮೂಲಕ ಹಂಚೋದು ಹೇಗೆ?

ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಕೊನೇ ದಿನ. ಸಂಜೆ ನಾಲ್ಕೂವರೆ. ಶಾಲೆಯ ಆಫೀಸ್ ರೂಮಿನಲ್ಲಿ ಇಬ್ಬರು ಮಕ್ಕಳು ನಿಂತಿದ್ದಾರೆ. ಬಾಗಿಲ ಹತ್ತಿರ ಅರ್ಧ ದಿನದ ಕೂಲಿ ಬಿಟ್ಟು ಬಂದ ಅವರ ಅಮ್ಮಂದಿರು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ ಪುಟ ತೆರೆಯುತ್ತಿಲ್ಲ, ಬರೀ ಚಕ್ರ ತಿರುಗುತ್ತಿದೆ. "ಸರ್ವರ್ ಡೌನ್ ಇರ್ಬೇಕು ನೋಡಿ" ಅಂತ ಗುಮಾಸ್ತರು ಹೇಳುತ್ತಾರೆ. ನಿಜ ಸಂಗತಿ ಏನಂದ್ರೆ, ಪಕ್ಕದ ಲ್ಯಾಬಿನಲ್ಲಿ ಆರು ಕಂಪ್ಯೂಟರುಗಳು ಒಟ್ಟಿಗೆ ವಿಂಡೋಸ್ ಅಪ್‌ಡೇಟ್ ಇಳಿಸಿಕೊಳ್ಳುತ್ತಿವೆ, ಸ್ಟಾಫ್ ರೂಮಿನಲ್ಲಿ ಯಾರದೋ ಮೊಬೈಲಿನಲ್ಲಿ ವಿಡಿಯೋ ಓಡುತ್ತಿದೆ. ಎಲ್ಲಕ್ಕೂ ಇರೋದು ಒಂದೇ ಟೆಲಿಫೋನ್ ತಂತಿ.

ನಮ್ಮ ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನಾನೇ ಕಣ್ಣಾರೆ ಕಂಡ ದೃಶ್ಯ ಇದು. ಆ ದಿನ ಲ್ಯಾಬಿನ ಸ್ವಿಚ್ ಆಫ್ ಮಾಡಿದ ಮೇಲೆ ಐದು ನಿಮಿಷದಲ್ಲಿ ಅರ್ಜಿ ಹೋಯ್ತು. ಆದರೆ ಪ್ರತಿ ಸಲ ಲ್ಯಾಬ್ ಬಂದ್ ಮಾಡಿ ಆಫೀಸ್ ಕೆಲಸ ಮಾಡೋದು ಪರಿಹಾರ ಅಲ್ಲ. ಪೇಟೆಯಲ್ಲಿ ಫೈಬರ್ ಬಂದು ಈ ಕಷ್ಟ ಮರೆತೇಹೋಗಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಒಳ ಊರುಗಳಲ್ಲಿ ಹಳೆಯ ತಾಮ್ರದ ತಂತಿಯ ಡಿಎಸ್‌ಎಲ್ ಲೈನನ್ನೇ ನೆಚ್ಚಿಕೊಂಡ ಶಾಲೆ, ಸಹಕಾರ ಸಂಘ, ಹಾಸ್ಟೆಲ್‌ಗಳಿಗೆ ಇದು ಇನ್ನೂ ದಿನನಿತ್ಯದ ಮಾತು. ಅಂಥವರಿಗಾಗಿ ಈ ಬರಹ.

ಮೊದಲೇ ಒಂದು ಮಾತು: ಪ್ರಾಕ್ಸಿ ಸರ್ವರ್ ಹಾಕಿದರೆ ಇಂಟರ್‌ನೆಟ್ ವೇಗ ಹೆಚ್ಚಾಗೋದಿಲ್ಲ. ಇರೋ ವೇಗ ಯಾರಿಗೆ ಎಷ್ಟು ಅನ್ನೋದು ನಿಮ್ಮ ಕೈಗೆ ಬರುತ್ತದೆ, ಅಷ್ಟೇ. ಹಾಗೆ ಕೈಗೆ ಬಂದ ಮೇಲೆ ಅದರ ಜವಾಬ್ದಾರಿಯೂ ನಿಮ್ಮದೇ.

ಮೊದಲು ತಂತಿಯ ಆರೋಗ್ಯ ನೋಡಿ

ಡಿಎಸ್‌ಎಲ್ ಅಂದರೆ ಮಾತಾಡುವ ಲ್ಯಾಂಡ್‌ಲೈನ್ ತಂತಿಯಲ್ಲೇ ಇಂಟರ್‌ನೆಟ್ ಹರಿಸುವ ವಿಧಾನ. ನಮ್ಮಲ್ಲಿ ಬಿಎಸ್‌ಎನ್‌ಎಲ್ 2005ರಲ್ಲಿ 'ಡೇಟಾ ಒನ್' ಹೆಸರಿನಲ್ಲಿ ಶುರು ಮಾಡಿದ ಬ್ರಾಡ್‌ಬ್ಯಾಂಡ್ ಇದೇ ಜಾತಿಯದು. ಇದರ ಸುಧಾರಿತ ರೂಪವಾದ ಎಡಿಎಸ್‌ಎಲ್ 2 ಪ್ಲಸ್‌ನಲ್ಲಿ ಕಾಗದದ ಮೇಲೆ ಸೆಕೆಂಡಿಗೆ 24 ಮೆಗಾಬಿಟ್‌ವರೆಗೆ ಡೌನ್‌ಲೋಡ್ ಸಾಧ್ಯ. ಅದು ಎಕ್ಸ್‌ಚೇಂಜ್ ಪಕ್ಕದಲ್ಲೇ ಇರುವವರಿಗೆ. ತಂತಿ ಉದ್ದವಾದಷ್ಟೂ ವೇಗ ಇಳಿಯುತ್ತದೆ, ನಾಲ್ಕೈದು ಕಿಲೋಮೀಟರ್ ಆಚೆ ಇದ್ದರೆ ಕೆಲವೇ ಮೆಗಾಬಿಟ್ ಸಿಕ್ಕರೆ ಪುಣ್ಯ. ಅಪ್‌ಲೋಡ್ ಅಂತೂ ಎಲ್ಲರಿಗೂ ಸುಮಾರು 1 ಮೆಗಾಬಿಟ್ ಅಥವಾ ಅದಕ್ಕಿಂತ ಕಮ್ಮಿ.

ಹಾಗಾಗಿ ಪ್ರಾಕ್ಸಿಗೆ ಕೈ ಹಾಕುವ ಮೊದಲು ಫೋನ್ ಎತ್ತಿ ಕಿವಿಗೆ ಹಿಡಿಯಿರಿ. ಕರಕರ ಶಬ್ದ ಇದ್ದರೆ ತಂತಿಯ ಜಾಯಿಂಟ್ ಹಾಳಾಗಿದೆ, ಲೈನ್‌ಮನ್‌ಗೆ ಹೇಳಿ ಸರಿ ಮಾಡಿಸಿ. ಫೋನಿಗೂ ಮೋಡೆಮ್‌ಗೂ ಲೈನ್ ಕವಲೊಡೆಯುವ ಜಾಗದಲ್ಲಿ ಸ್ಪ್ಲಿಟರ್ ಅನ್ನುವ ಚಿಕ್ಕ ಡಬ್ಬಿ ಇದೆಯಾ ನೋಡಿ. ಅದಿಲ್ಲದೆ ಪ್ಯಾರಲಲ್ ಫೋನ್ ಹಾಕಿದ್ದರೆ ಯಾರಾದರೂ ಫೋನ್ ಎತ್ತಿದಾಗೆಲ್ಲ ನೆಟ್ ಕಟ್ಟಾಗುತ್ತದೆ. ಮೋಡೆಮ್‌ನ ಪುಟದಲ್ಲಿ (ಸಾಮಾನ್ಯವಾಗಿ ಬ್ರೌಸರ್‌ನಲ್ಲಿ 192.168.1.1 ಅಂತ ಹೊಡೆದರೆ ತೆರೆಯುತ್ತದೆ) ಎಸ್‌ಎನ್‌ಆರ್ ಮಾರ್ಜಿನ್ ಅನ್ನುವ ಅಂಕಿ ಇರುತ್ತದೆ. ಅದು 6 ಡೆಸಿಬಲ್‌ಗಿಂತ ಕೆಳಗಿದ್ದರೆ ಲೈನು ಪದೇ ಪದೇ ಬೀಳುತ್ತದೆ. ತಂತಿಯೇ ಸರಿ ಇಲ್ಲದಿದ್ದರೆ ಯಾವ ಪ್ರಾಕ್ಸಿಯೂ ಏನೂ ಮಾಡೋಕಾಗಲ್ಲ.

ಮೋಡೆಮ್ ಇರುವಾಗ ಪ್ರಾಕ್ಸಿ ಯಾಕೆ?

ಒಳ್ಳೆ ಪ್ರಶ್ನೆ. ಈಗಿನ ಮೋಡೆಮ್‌ಗಳಲ್ಲಿ ನಾಲ್ಕು ಪೋರ್ಟು, ವೈಫೈ ಎಲ್ಲಾ ಇರುತ್ತದೆ. ಒಂದು ಸ್ವಿಚ್ ಸೇರಿಸಿದರೆ ಹತ್ತು ಕಂಪ್ಯೂಟರಿಗೆ ನೆಟ್ ಬಂದೇ ಬರುತ್ತದೆ. ಎರಡು-ಮೂರು ಕಂಪ್ಯೂಟರ್ ಇರುವ ಅಂಗಡಿ, ಮನೆಗಳಿಗೆ ಅಷ್ಟೇ ಸಾಕು, ಪ್ರಾಕ್ಸಿ ಬೇಡವೇ ಬೇಡ.

ತೊಂದರೆ ಏನಂದ್ರೆ, ಮೋಡೆಮ್ ಯಾರನ್ನೂ ಕೇಳೋದಿಲ್ಲ. ಯಾರು ಹೆಚ್ಚು ಎಳೆಯುತ್ತಾರೋ ಅವರಿಗೆ ಹೆಚ್ಚು. ಊಟದ ಪಂಕ್ತಿಯಲ್ಲಿ ಬಡಿಸುವವರೇ ಇಲ್ಲದೆ ಪಾತ್ರೆ ಮಧ್ಯ ಇಟ್ಟ ಹಾಗೆ. ಪ್ರಾಕ್ಸಿ ಅಂದರೆ ಆ ಬಡಿಸುವವರು. ಲ್ಯಾಬಿನ ಕಂಪ್ಯೂಟರುಗಳು ನೇರವಾಗಿ ಇಂಟರ್‌ನೆಟ್ಟಿಗೆ ಹೋಗದೆ ಪ್ರಾಕ್ಸಿಯನ್ನು ಕೇಳುತ್ತವೆ, ಅದು ತಾನು ಹೋಗಿ ತಂದು ಕೊಡುತ್ತದೆ. ಕೇಳಿದವರು ಯಾರು, ಎಲ್ಲಿಗೆ, ಎಷ್ಟು ಅನ್ನುವ ಲೆಕ್ಕವೂ ಅದರ ಹತ್ತಿರ ಇರುತ್ತದೆ.

ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಉಚಿತ ತಂತ್ರಾಂಶ ಸ್ಕ್ವಿಡ್. 1996ರಿಂದಲೂ ಇದೆ. ಉಬುಂಟು, ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ಸುಲಭವಾಗಿ ಹಾಕಿಕೊಳ್ಳಬಹುದು. ಹೊಸ ಕಂಪ್ಯೂಟರ್ ಬೇಕಿಲ್ಲ. ಮೂಲೆಯಲ್ಲಿ ಬಿದ್ದಿರುವ, 2 ಅಥವಾ 4 ಜಿಬಿ ರ‍್ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್ ಈ ಕೆಲಸಕ್ಕೆ ಸಾಕು. ಹೆಚ್ಚುವರಿ ಬೇಕಾಗೋದು ಇನ್ನೊಂದು ನೆಟ್‌ವರ್ಕ್ ಕಾರ್ಡು ಮಾತ್ರ. ಕೆಲವೇ ನೂರು ರೂಪಾಯಿಯ ಮಾತು.

ಜೋಡಣೆ ಹೀಗಿರಲಿ

ಈ ಹಂತದಲ್ಲೇ ಹೆಚ್ಚಿನವರು ಎಡವೋದು. ಪ್ರಾಕ್ಸಿ ಕಂಪ್ಯೂಟರನ್ನೂ ಲ್ಯಾಬಿನ ಕಂಪ್ಯೂಟರುಗಳನ್ನೂ ಒಂದೇ ಸ್ವಿಚ್‌ಗೆ ಸಿಕ್ಕಿಸಿ, ಆ ಸ್ವಿಚ್ಚನ್ನು ಮೋಡೆಮ್‌ಗೆ ಕೊಟ್ಟುಬಿಡುತ್ತಾರೆ. ಹಾಗೆ ಮಾಡಿದರೆ ಬ್ರೌಸರ್‌ನಲ್ಲಿ ಪ್ರಾಕ್ಸಿ ತೆಗೆದುಹಾಕಿದವರು ನೇರವಾಗಿ ಮೋಡೆಮ್ ಹಿಡಿದುಕೊಂಡು ಹೋಗಬಹುದು. ಒಂಬತ್ತನೇ ಕ್ಲಾಸಿನ ಹುಡುಗರಿಗೆ ಇದು ಒಂದು ವಾರದಲ್ಲಿ ಗೊತ್ತಾಗುತ್ತದೆ.

ಸರಿಯಾದ ಕ್ರಮ: ಪ್ರಾಕ್ಸಿ ಕಂಪ್ಯೂಟರಿನ ಒಂದು ಕಾರ್ಡಿನಿಂದ ಮೋಡೆಮ್‌ಗೆ ಕೇಬಲ್, ಇನ್ನೊಂದು ಕಾರ್ಡಿನಿಂದ ಲ್ಯಾಬಿನ ಸ್ವಿಚ್‌ಗೆ ಕೇಬಲ್. ಮೋಡೆಮ್ ಮತ್ತು ಸ್ವಿಚ್ ಮಧ್ಯೆ ಬೇರೆ ಯಾವ ತಂತಿಯೂ ಇರಬಾರದು.

ವಿಳಾಸಗಳೂ ಎರಡು ಬೇರೆ ಗುಂಪಿನವು ಆಗಬೇಕು. ಮೋಡೆಮ್ ಕಡೆ 192.168.1 ಸಾಲಿನದಿದ್ದರೆ, ಲ್ಯಾಬ್ ಕಡೆ 192.168.10 ಸಾಲು ಇಟ್ಟುಕೊಳ್ಳಿ. ಪ್ರಾಕ್ಸಿಯ ಲ್ಯಾಬ್ ಕಡೆಯ ವಿಳಾಸ 192.168.10.1. ಆಫೀಸ್ ಕಂಪ್ಯೂಟರಿಗೆ 192.168.10.5. ಲ್ಯಾಬಿನ ಕಂಪ್ಯೂಟರುಗಳಿಗೆ 192.168.10.11ರಿಂದ 20ರವರೆಗೆ. ಎಲ್ಲಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ ಜಾಗ ಖಾಲಿ ಬಿಡಿ, ಮರೆತಿದ್ದಲ್ಲ, ಬೇಕೆಂದೇ ಬಿಡೋದು. ಗೇಟ್‌ವೇ ಇಲ್ಲದಿದ್ದರೆ ಪ್ರಾಕ್ಸಿ ಬಿಟ್ಟು ಬೇರೆ ದಾರಿಯೇ ಇರೋದಿಲ್ಲ. ಪ್ರತಿ ಕಂಪ್ಯೂಟರಿನ ಮೇಲೂ ಅದರ ವಿಳಾಸದ ಕೊನೆಯ ಅಂಕಿ ಬರೆದು ಸ್ಟಿಕರ್ ಅಂಟಿಸಿ, ಮುಂದೆ ಲೆಕ್ಕ ನೋಡುವಾಗ ಉಪಯೋಗಕ್ಕೆ ಬರುತ್ತದೆ.

ಮೋಡೆಮ್‌ನ ವೈಫೈ ಪಾಸ್‌ವರ್ಡ್ ಆವತ್ತೇ ಬದಲಾಯಿಸಿ, ಬೇಡವಾದರೆ ವೈಫೈ ಆಫ್ ಮಾಡಿ. ಅದು ಎಲ್ಲರಿಗೂ ಗೊತ್ತಿದ್ದರೆ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ ಮಾಡಿದ ಹಾಗೆ. ಮೋಡೆಮ್ ಪುಟದ ಅಡ್ಮಿನ್ ಪಾಸ್‌ವರ್ಡನ್ನೂ ಬದಲಾಯಿಸಿ.

ಸ್ಕ್ವಿಡ್‌ಗೆ ಹೇಳಬೇಕಾದ್ದು

ಸ್ಕ್ವಿಡ್‌ನ ನಿಯಮಗಳೆಲ್ಲ 'ಸ್ಕ್ವಿಡ್ ಡಾಟ್ ಕಾನ್ಫ್' ಅನ್ನುವ ಫೈಲಿನಲ್ಲಿರುತ್ತವೆ. ಅದು 'ಇಟಿಸಿ' ಫೋಲ್ಡರಿನೊಳಗಿನ 'ಸ್ಕ್ವಿಡ್' ಫೋಲ್ಡರಿನಲ್ಲಿದೆ. ತಿದ್ದುವ ಮೊದಲು ಅದರ ಒಂದು ಪ್ರತಿ ತೆಗೆದಿಡಿ. ಫೈಲಿನಲ್ಲಿ ಪದಗಳು ಇಂಗ್ಲಿಷಿನಲ್ಲಿರುತ್ತವೆ, ಇಲ್ಲಿ ಉಚ್ಚಾರದ ಹಾಗೆ ಕೊಟ್ಟಿದ್ದೇವೆ.

ಮೊದಲನೆಯದು, ಯಾವ ಬಾಗಿಲಲ್ಲಿ ಕೂರಬೇಕು. 'ಎಚ್‌ಟಿಟಿಪಿ ಪೋರ್ಟ್' ಅನ್ನುವ ಸಾಲಿನಲ್ಲಿ ಬರೀ 3128 ಅಂತ ಇರುತ್ತದೆ. ಅದನ್ನು 192.168.10.1:3128 ಅಂತ ಮಾಡಿ. ಆಗ ಲ್ಯಾಬ್ ಕಡೆಯಿಂದ ಬಂದ ಕೋರಿಕೆಗೆ ಮಾತ್ರ ಅದು ಕಿವಿ ಕೊಡುತ್ತದೆ. ಇದನ್ನು ಬಿಟ್ಟರೆ, ಮುಂದೆ ಯಾರಾದರೂ ಮೋಡೆಮ್‌ನ ಸೆಟ್ಟಿಂಗ್ ಬದಲಿಸಿದಾಗ ನಿಮ್ಮ ಪ್ರಾಕ್ಸಿ ಊರವರಿಗೆಲ್ಲ ತೆರೆದ ಬಾಗಿಲಾಗುವ ಅಪಾಯ ಇದೆ. ಹೀಗೆ ತೆರೆದಿರುವ ಪ್ರಾಕ್ಸಿಗಳನ್ನು ಹುಡುಕುತ್ತಲೇ ಇರುವವರು ಇದ್ದಾರೆ. ಅವರು ಮಾಡುವ ಕೆಲಸವೆಲ್ಲ ನಿಮ್ಮ ಫೋನ್ ನಂಬರಿನ ಲೆಕ್ಕಕ್ಕೆ ಬೀಳುತ್ತದೆ.

ಎರಡನೆಯದು, ಯಾರಿಗೆ ಅನುಮತಿ. ಸ್ಕ್ವಿಡ್‌ನಲ್ಲಿ 'ಲೋಕಲ್‌ನೆಟ್' ಅನ್ನುವ ಹೆಸರಿನಲ್ಲಿ ಒಳಗಿನ ವಿಳಾಸಗಳ ಪಟ್ಟಿ ಮೊದಲೇ ಇರುತ್ತದೆ. ಅದನ್ನು ತೆಗೆದು ನಿಮ್ಮದಾದ 192.168.10.0/24 ಒಂದನ್ನೇ ಇಡೋದು ಒಳ್ಳೆಯದು. ಆಮೇಲೆ 'ಎಚ್‌ಟಿಟಿಪಿ ಆಕ್ಸೆಸ್ ಅಲೋ ಲೋಕಲ್‌ನೆಟ್' ಅನ್ನುವ ಸಾಲು ಬೇಕು. ಎಷ್ಟೋ ಸಲ ಅದರ ಮುಂದೆ ಹ್ಯಾಷ್ ಗುರುತು ಇದ್ದು ಮಲಗಿರುತ್ತದೆ, ಗುರುತು ತೆಗೆದರೆ ಎದ್ದು ಕೂರುತ್ತದೆ.

ಸ್ಕ್ವಿಡ್ ನಿಯಮಗಳನ್ನು ಮೇಲಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ ಸಾಲೇ ಅಂತಿಮ. ಕೊನೆಯಲ್ಲಿ 'ಡಿನೈ ಆಲ್' ಅಂತ ಒಂದು ಸಾಲಿರುತ್ತದೆ, ಅಂದರೆ ಉಳಿದವರಿಗೆಲ್ಲ ಇಲ್ಲ ಅಂತ. ನಿಮ್ಮ ಅನುಮತಿಯ ಸಾಲನ್ನು ಅದರ ಕೆಳಗೆ ಬರೆದರೆ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ 'ಆಕ್ಸೆಸ್ ಡಿನೈಡ್' ಅಂತಲೇ ಬರುತ್ತದೆ. ನಾನು ಮೊದಲ ಸಲ ಮಾಡಿದಾಗ ಒಂದಿಡೀ ಮಧ್ಯಾಹ್ನ ಕಳೆದದ್ದು ಇದೇ ತಪ್ಪಿನಲ್ಲಿ.

ಹಂಚಿಕೆ: ಹಂಡೆ ಮತ್ತು ನಲ್ಲಿಯ ಲೆಕ್ಕ

ಈಗ ಮುಖ್ಯ ವಿಷಯ. ಸ್ಕ್ವಿಡ್‌ನಲ್ಲಿ 'ಡಿಲೇ ಪೂಲ್' ಅಂತ ಒಂದು ವ್ಯವಸ್ಥೆ ಇದೆ. ಇದನ್ನು ಹಂಡೆ ಮತ್ತು ನಲ್ಲಿ ಅಂತ ತಿಳ್ಕೊಳ್ಳಿ. ಪ್ರತಿ ಕಂಪ್ಯೂಟರಿಗೂ ಒಂದು ಹಂಡೆ, ಅದಕ್ಕೆ ಸಣ್ಣಗೆ ನೀರು ಬೀಳುವ ಒಂದು ನಲ್ಲಿ. ಹಂಡೆ ತುಂಬಿದ್ದಾಗ ಒಂದು ಚೊಂಬು ನೀರು ತಕ್ಷಣ ಸಿಗುತ್ತದೆ. ಹಂಡೆ ಖಾಲಿ ಮಾಡಿಕೊಂಡವರು ನಲ್ಲಿಯಲ್ಲಿ ಬಂದಷ್ಟನ್ನೇ ಹಿಡಿಯಬೇಕು. ಅಂದರೆ ಒಂದು ಪುಟ ತೆರೆದು ಓದುವವರಿಗೆ ತಡೆಯೇ ಗೊತ್ತಾಗೋದಿಲ್ಲ, ಸಿನಿಮಾ ಇಳಿಸುವವರಿಗೆ ಗೊತ್ತಾಗುತ್ತದೆ.

ಒಂದು ಲೆಕ್ಕ ನೋಡೋಣ. ನಿಮ್ಮ ಲೈನಿನಲ್ಲಿ ನಿಜವಾಗಿ 4 ಮೆಗಾಬಿಟ್ ಬರುತ್ತದೆ ಅಂದುಕೊಳ್ಳಿ. ಪ್ಲಾನ್‌ನಲ್ಲಿ ಬರೆದದ್ದಲ್ಲ, ನೀವು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಳೆದು ನೋಡಿದ್ದು. ಸ್ಕ್ವಿಡ್ ಬೈಟ್‌ನಲ್ಲಿ ಲೆಕ್ಕ ಹಾಕುತ್ತದೆ, ಬಿಟ್‌ನಲ್ಲಿ ಅಲ್ಲ. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ 4 ಮೆಗಾಬಿಟ್ ಅಂದರೆ ಸೆಕೆಂಡಿಗೆ 5,00,000 ಬೈಟ್.

ಇದರಲ್ಲಿ ಲ್ಯಾಬಿಗೆಲ್ಲಾ ಸೇರಿ 4,00,000. ಆಫೀಸಿಗೆ 1,00,000 ಯಾವಾಗಲೂ ಉಳಿದಿರಬೇಕು. ಲ್ಯಾಬಿನ ಒಂದೊಂದು ಕಂಪ್ಯೂಟರಿಗೆ ನಲ್ಲಿ 80,000, ಹಂಡೆ 5,00,000. ಹತ್ತು ಕಂಪ್ಯೂಟರಿಗೆ 80,000 ಅಂದ್ರೆ 8,00,000 ಆಯ್ತಲ್ಲ ಅಂತ ಕೇಳಬಹುದು. ಹತ್ತೂ ಒಟ್ಟಿಗೆ ಎಳೆಯೋದು ಅಪರೂಪ. ಎಳೆದರೂ 4,00,000ದ ದೊಡ್ಡ ಮಿತಿ ಮೇಲಿಂದ ತಡೆಯುತ್ತದೆ. ನಲ್ಲಿಯನ್ನು 40,000ಕ್ಕೆ ಇಳಿಸಿದರೆ, ಇಬ್ಬರೇ ಇದ್ದಾಗಲೂ ಅಷ್ಟೇ ಸಿಕ್ಕಿ ಉಳಿದದ್ದು ಯಾರಿಗೂ ಉಪಯೋಗವಿಲ್ಲದೆ ವ್ಯರ್ಥ.

ಇದನ್ನು ಬರೆಯೋದು ನಾಲ್ಕು ಹಂತದಲ್ಲಿ. ಪೂಲ್‌ಗಳ ಸಂಖ್ಯೆ 1. ಅದರ 'ಕ್ಲಾಸ್' 2, ಅಂದರೆ ಒಟ್ಟು ಮಿತಿಯೂ ಇದೆ, ಪ್ರತಿ ಕಂಪ್ಯೂಟರಿಗೆ ಬೇರೆ ಮಿತಿಯೂ ಇದೆ. 'ಡಿಲೇ ಆಕ್ಸೆಸ್' ಸಾಲುಗಳಲ್ಲಿ ಮೊದಲು ಆಫೀಸಿನ ವಿಳಾಸವನ್ನು ಡಿನೈ ಮಾಡಿ, ಆಮೇಲೆ ಲೋಕಲ್‌ನೆಟ್ಟನ್ನು ಅಲೋ ಮಾಡಿ. ಇಲ್ಲಿ ಡಿನೈ ಅಂದರೆ ಆಫೀಸಿಗೆ ನೆಟ್ ಇಲ್ಲ ಅಂತ ಅಲ್ಲ, ಆಫೀಸಿಗೆ ಈ ಮಿತಿ ಇಲ್ಲ ಅಂತ. ಕೊನೆಗೆ 'ಡಿಲೇ ಪ್ಯಾರಾಮೀಟರ್ಸ್' ಸಾಲಿನಲ್ಲಿ ಪೂಲ್ ಸಂಖ್ಯೆ 1, ಆಮೇಲೆ 400000/400000, ಆಮೇಲೆ 80000/500000. ಅಂಕಿಗಳ ಮಧ್ಯೆ ಅಲ್ಪವಿರಾಮ ಹಾಕಬೇಡಿ.

ಫೈಲ್ ಉಳಿಸಿದ ಮೇಲೆ 'ಸ್ಕ್ವಿಡ್' ಆಜ್ಞೆಗೆ 'ಕೆ ಪಾರ್ಸ್' ಆಯ್ಕೆ ಕೊಟ್ಟು ಓಡಿಸಿದರೆ ತಪ್ಪು ಯಾವ ಸಾಲಿನಲ್ಲಿದೆ ಅಂತ ಅದೇ ತೋರಿಸುತ್ತದೆ. ತಪ್ಪಿಲ್ಲ ಅಂದ ಮೇಲೆ ಮಾತ್ರ ಸ್ಕ್ವಿಡ್ ರೀಸ್ಟಾರ್ಟ್ ಮಾಡಿ.

ಲ್ಯಾಬಿನ ಕಂಪ್ಯೂಟರುಗಳಲ್ಲಿ

ವಿಂಡೋಸ್ 10, 11ರಲ್ಲಿ ಸೆಟ್ಟಿಂಗ್ಸ್ ಒಳಗೆ ನೆಟ್‌ವರ್ಕ್ ವಿಭಾಗ, ಅದರಲ್ಲಿ ಪ್ರಾಕ್ಸಿ. ಮ್ಯಾನ್ಯುಯಲ್ ಸೆಟಪ್‌ನಲ್ಲಿ ವಿಳಾಸ 192.168.10.1, ಪೋರ್ಟ್ 3128. ಕ್ರೋಮ್, ಎಡ್ಜ್ ಎರಡೂ ಇದನ್ನೇ ಬಳಸುತ್ತವೆ. ಫೈರ್‌ಫಾಕ್ಸ್‌ಗೆ ತನ್ನದೇ ಪ್ರಾಕ್ಸಿ ಸೆಟ್ಟಿಂಗ್ ಕೂಡ ಇದೆ, ಅದನ್ನೂ ಒಮ್ಮೆ ನೋಡಿ. ಕೆಲವೊಮ್ಮೆ ಟಾಸ್ಕ್‌ಬಾರ್‌ನಲ್ಲಿ 'ನೋ ಇಂಟರ್‌ನೆಟ್' ಅಂತ ಗುರುತು ಕಾಣಿಸುತ್ತದೆ. ಬ್ರೌಸರ್‌ನಲ್ಲಿ ಪುಟ ತೆರೆಯುತ್ತಿದ್ದರೆ ಅದಕ್ಕೆ ತಲೆ ಕೆಡಿಸ್ಕೋಬೇಡಿ.

ವಿಂಡೋಸ್ ಅಪ್‌ಡೇಟ್ ಕಾಟಕ್ಕೆ 'ಡೆಲಿವರಿ ಆಪ್ಟಿಮೈಸೇಶನ್' ಅನ್ನುವ ಸೌಲಭ್ಯ ವಿಂಡೋಸ್‌ನಲ್ಲೇ ಇದೆ. ಸ್ಥಳೀಯ ನೆಟ್‌ವರ್ಕಿನ ಕಂಪ್ಯೂಟರುಗಳಿಂದ ಪಡೆಯುವ ಆಯ್ಕೆ ಹಾಕಿದರೆ, ಒಂದು ಕಂಪ್ಯೂಟರ್ ಇಳಿಸಿದ್ದನ್ನು ಉಳಿದವು ಅದರಿಂದ ಪಡೆಯಬಹುದು.

ಬ್ರೌಸರ್‌ನಲ್ಲಿ ನಡೆಯುವ ಕೆಲಸವೆಲ್ಲ ಪ್ರಾಕ್ಸಿಯಲ್ಲಿ ನಡೆಯುತ್ತದೆ. ವಿದ್ಯಾರ್ಥಿವೇತನ, ಸೇವಾ ಸಿಂಧು, ಪಹಣಿ, ಪರೀಕ್ಷಾ ಫಲಿತಾಂಶ ಯಾವುದಕ್ಕೂ ತೊಂದರೆ ಇಲ್ಲ. ಆದರೆ ಹಾಜರಾತಿಯ ಬೆರಳಚ್ಚು ಯಂತ್ರ, ಸಿಸಿಟಿವಿಯಂಥ ಕೆಲವು ಉಪಕರಣಗಳಿಗೆ ಪ್ರಾಕ್ಸಿ ಅಂದರೆ ಏನೂಂತ ಗೊತ್ತಿರೋದಿಲ್ಲ. ಅವನ್ನು ಮೋಡೆಮ್‌ನ ಪೋರ್ಟಿಗೇ ನೇರವಾಗಿ ಕೊಡಿ, ಅವು ಎಳೆಯುವಷ್ಟನ್ನು ನಿಮ್ಮ ಲೆಕ್ಕದಿಂದ ಕಳೆಯಿರಿ.

ಕ್ಯಾಶ್ ಬಗ್ಗೆ ಹಳೆಯ ನಂಬಿಕೆ ಬಿಡಿ

'ಪ್ರಾಕ್ಸಿ ಹಾಕಿದ್ರೆ ಒಬ್ಬರು ನೋಡಿದ ಪುಟ ಅದರಲ್ಲೇ ಉಳಿಯುತ್ತೆ, ಇನ್ನೊಬ್ಬರಿಗೆ ತಕ್ಷಣ ಬರುತ್ತೆ' ಅಂತ ಹೇಳೋರಿದ್ದಾರೆ. ಹತ್ತು-ಹದಿನೈದು ವರ್ಷದ ಹಿಂದೆ ಅದು ಬಹಳ ಮಟ್ಟಿಗೆ ನಿಜವಾಗಿತ್ತು. ಈಗ ಹೆಚ್ಚಿನ ಜಾಲತಾಣಗಳು ಎಚ್‌ಟಿಟಿಪಿಎಸ್‌ನಲ್ಲಿವೆ, ಅಂದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬರುತ್ತವೆ. ಪ್ರಾಕ್ಸಿಗೆ ಕಾಣೋದು ಯಾವ ತಾಣಕ್ಕೆ ಹೋದರು, ಎಷ್ಟು ಡೇಟಾ ಬಂತು ಅನ್ನೋದು ಮಾತ್ರ. ಒಳಗೇನಿದೆ ಕಾಣೋದಿಲ್ಲ, ಹಾಗಾಗಿ ಉಳಿಸಿಕೊಳ್ಳೋಕೂ ಆಗೋದಿಲ್ಲ. ಉಬುಂಟು ಅಪ್‌ಡೇಟ್‌ಗಳಂಥ ಕೆಲವಕ್ಕೆ ಕ್ಯಾಶ್ ಇನ್ನೂ ಉಪಯೋಗ. ಅದಕ್ಕೆ 'ಮ್ಯಾಕ್ಸಿಮಮ್ ಆಬ್ಜೆಕ್ಟ್ ಸೈಜ್' ಅನ್ನೋದನ್ನು ಮೊದಲಿನ 4 ಎಂಬಿಯಿಂದ ಏರಿಸಬೇಕು.

ಆ ಬೀಗವನ್ನೂ ಒಡೆದು ನೋಡುವ ಒಂದು ವಿಧಾನ ಸ್ಕ್ವಿಡ್‌ನಲ್ಲಿದೆ. ಎಲ್ಲ ಕಂಪ್ಯೂಟರಿಗೂ ನಿಮ್ಮದೇ ಸರ್ಟಿಫಿಕೇಟ್ ಹಾಕಬೇಕಾಗುತ್ತದೆ. ದಯವಿಟ್ಟು ಆ ತಂಟೆಗೆ ಹೋಗಬೇಡಿ. ಶಿಕ್ಷಕರ ಬ್ಯಾಂಕ್ ಪಾಸ್‌ವರ್ಡ್ ಕೂಡ ಆ ಹಳೇ ಕಂಪ್ಯೂಟರಿನೊಳಗೆ ತೆರೆದುಕೊಳ್ಳುತ್ತದೆ.

ಇನ್ನೊಂದು ಮಿತಿ: ಡಿಲೇ ಪೂಲ್ ತಡೆಯೋದು ಡೌನ್‌ಲೋಡನ್ನು ಮಾತ್ರ. ಅಪ್‌ಲೋಡ್ ಕಿರಿದಾದ ಓಣಿ. ಅಲ್ಲಿ ಯಾರಾದರೂ ದೊಡ್ಡ ಫೋಟೋಗಳನ್ನು ಏರಿಸುತ್ತಾ ಕೂತರೆ ಎಲ್ಲರ ಡೌನ್‌ಲೋಡೂ ನಿಧಾನ ಆಗುತ್ತದೆ. ಸ್ಕ್ಯಾನ್ ಮಾಡಿದ ದಾಖಲೆಗಳನ್ನು ಪೋರ್ಟಲ್ ಕೇಳಿದ ಅಳತೆಗೆ ಇಳಿಸಿಯೇ ಹಾಕಿ. ಗೂಗಲ್ ಡ್ರೈವ್, ಒನ್‌ಡ್ರೈವ್ ತಾವಾಗಿಯೇ ಏರಿಸುವುದನ್ನು ನಿಲ್ಲಿಸಿ.

ಲೆಕ್ಕ ಇಡೋದು, ಗುಟ್ಟು ಕಾಯೋದು

ಸ್ಕ್ವಿಡ್ 'ಆಕ್ಸೆಸ್ ಲಾಗ್' ಅನ್ನುವ ಫೈಲಿನಲ್ಲಿ ಯಾವ ಕಂಪ್ಯೂಟರಿನಿಂದ ಯಾವ ತಾಣಕ್ಕೆ ಎಷ್ಟು ಹೊತ್ತಿಗೆ ಹೋದರು ಅನ್ನೋದನ್ನು ಬರೆದಿಡುತ್ತದೆ. ನಾಳೆ ಈ ಲೈನಿನಿಂದ ಯಾರೋ ಬೆದರಿಕೆ ಮೇಲ್ ಕಳಿಸಿದರೆ, ಮೋಸದ ಕೆಲಸ ಮಾಡಿದರೆ, ಪೊಲೀಸರು ಮೊದಲು ಬರೋದು ಫೋನ್ ಯಾರ ಹೆಸರಲ್ಲಿದೆಯೋ ಅವರ ಹತ್ತಿರ. ಹೆಚ್ಚಾಗಿ ಅದು ಮುಖ್ಯ ಶಿಕ್ಷಕರೋ ಸಂಘದ ಕಾರ್ಯದರ್ಶಿಯೋ ಆಗಿರುತ್ತಾರೆ. ಆಗ ಕೈಯಲ್ಲಿರೋದು ಈ ಲಾಗ್ ಒಂದೇ. ಉಬುಂಟು, ಡೆಬಿಯನ್‌ಗಳಲ್ಲಿ ಇದನ್ನು ಕೆಲವೇ ದಿನ ಇಟ್ಟು ಅಳಿಸುವ ವ್ಯವಸ್ಥೆ ಇರುತ್ತದೆ, ಅವಧಿಯನ್ನು ಹೆಚ್ಚಿಸಿಕೊಳ್ಳಿ. ಕಂಪ್ಯೂಟರ್ ಸಂಖ್ಯೆಯ ಎದುರು ವಿದ್ಯಾರ್ಥಿಯ ಹೆಸರು ಬರೆಯುವ ಒಂದು ನೋಟ್‌ಬುಕ್ ಲ್ಯಾಬಿನಲ್ಲಿರಲಿ. ನೋಟ್‌ಬುಕ್ ಇಲ್ಲದ ಲಾಗ್‌ನಿಂದ ಕಂಪ್ಯೂಟರ್ ಗೊತ್ತಾಗುತ್ತದೆ, ಮನುಷ್ಯ ಗೊತ್ತಾಗೋದಿಲ್ಲ.

ಹಾಗಂತ ಅದನ್ನು ಸ್ಟಾಫ್ ರೂಮಿನಲ್ಲಿ ಓದಿ ನಗುವ ಹಾಗಿಲ್ಲ. ಯಾವ ಹುಡುಗಿ ಯಾವ ಕಾಯಿಲೆ ಬಗ್ಗೆ ಮಾಹಿತಿ ಕೊಡುವ ತಾಣಕ್ಕೆ ಹೋದಳು, ಯಾವ ಮೇಷ್ಟ್ರು ಬೇರೆ ಕೆಲಸ ಹುಡುಕುತ್ತಿದ್ದಾರೆ ಅನ್ನೋದನ್ನೂ ಅದರಿಂದ ಊಹಿಸಬಹುದು. ಪಾಸ್‌ವರ್ಡ್ ಒಬ್ಬರು ಅಥವಾ ಇಬ್ಬರ ಹತ್ತಿರ ಇರಲಿ. 'ಇಲ್ಲಿ ಬಳಕೆಯ ದಾಖಲೆ ಇಡಲಾಗುತ್ತದೆ' ಅಂತ ಲ್ಯಾಬಿನ ಗೋಡೆಗೆ ಬೋರ್ಡ್ ಹಾಕಿ, ಹೇಳಿ ಮಾಡಿ.

ದುಡ್ಡು ತೆಗೆದುಕೊಂಡು ಸಾರ್ವಜನಿಕರಿಗೆ ಕಂಪ್ಯೂಟರ್ ಕೊಡುವವರಿಗೆ 2011ರ ಸೈಬರ್ ಕೆಫೆ ನಿಯಮಗಳು ಅನ್ವಯಿಸುತ್ತವೆ. ಬಂದವರ ಗುರುತಿನ ಚೀಟಿ ನೋಡಬೇಕು, ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕು. ಪಕ್ಕದ ಅಂಗಡಿ, ಮನೆಗಳಿಗೆ ತಂತಿ ಎಳೆದು ತಿಂಗಳಿಗಿಷ್ಟು ಅಂತ ವಸೂಲಿ ಮಾಡೋದು ಹಂಚಿಕೊಳ್ಳೋದಲ್ಲ, ಮಾರಾಟ. ನಿಮ್ಮ ಪ್ಲಾನಿನಲ್ಲಿ ಅದಕ್ಕೆ ಅವಕಾಶ ಇರೋದಿಲ್ಲ.

ಮಳೆಗಾಲಕ್ಕೆ ಮುಂಚೆ

ನಮ್ಮ ಮಲೆನಾಡಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು-ಮಿಂಚಿಗೆ ಮೋಡೆಮ್ ಸುಡೋದು ಮಾಮೂಲು. ಕರೆಂಟಿನ ಪ್ಲಗ್ ತೆಗೆದರೆ ಸಾಲದು, ಟೆಲಿಫೋನ್ ತಂತಿಯನ್ನೂ ಕಿತ್ತಿಡಿ. ಮಿಂಚು ಅದರಲ್ಲೂ ಬರುತ್ತದೆ. ಮೋಡೆಮ್ ಸುಟ್ಟರೆ ಅದಕ್ಕೆ ಸಿಕ್ಕಿಸಿದ ಪ್ರಾಕ್ಸಿಯ ನೆಟ್‌ವರ್ಕ್ ಕಾರ್ಡೂ ಹೋಗಬಹುದು.

ಪ್ರಾಕ್ಸಿ ಕಂಪ್ಯೂಟರ್ ಕೆಟ್ಟರೆ ಎಲ್ಲರ ನೆಟ್ಟೂ ನಿಲ್ಲುತ್ತದೆ. ಅದಕ್ಕಾಗಿ ಒಂದು ಚೀಟಿ ಬರೆದು ಆಫೀಸಿನ ಗೋಡೆಗೆ ಅಂಟಿಸಿ: 'ಈ ಕೇಬಲ್ ತೆಗೆದು ಮೋಡೆಮ್‌ಗೆ ಹಾಕಿ, ಕಂಪ್ಯೂಟರಿನ ವಿಳಾಸವನ್ನು ಆಟೋಮ್ಯಾಟಿಕ್ ಮಾಡಿ, ಪ್ರಾಕ್ಸಿ ಆಫ್ ಮಾಡಿ.' ತಿದ್ದಿದ 'ಸ್ಕ್ವಿಡ್ ಡಾಟ್ ಕಾನ್ಫ್' ಫೈಲಿನ ಪ್ರತಿಯನ್ನು ಒಂದು ಪೆನ್‌ಡ್ರೈವಿನಲ್ಲಿ ಬೀರುವಿನೊಳಗಿಡಿ. ಇದನ್ನು ಕೂರಿಸಿದ ಮೇಷ್ಟ್ರಿಗೆ ವರ್ಗಾವಣೆ ಆದರೆ ಮುಂದಿನವರಿಗೆ ತಲೆಬುಡ ಗೊತ್ತಾಗದೆ ಎಲ್ಲಾ ಕಿತ್ತು ಹಾಕಿದ ಉದಾಹರಣೆ ಇದೆ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಲ್ಯಾಬಿನ ಹತ್ತೂ ಕಂಪ್ಯೂಟರಿನಲ್ಲಿ ವಿಡಿಯೋ ಹಾಕಿ ಬಿಡಿ. ಆಫೀಸಿಗೆ ಬಂದು ವಿದ್ಯಾರ್ಥಿವೇತನ ಪೋರ್ಟಲ್ ತೆರೆಯಿರಿ. ಪುಟ ಸಲೀಸಾಗಿ ಬಂದರೆ ನಿಮ್ಮ ಕೆಲಸ ಆಯ್ತು. ಬರದಿದ್ದರೆ 4,00,000ವನ್ನು 3,50,000ಕ್ಕೆ ಇಳಿಸಿ ಮತ್ತೆ ನೋಡಿ. ಅರ್ಜಿಯ ಕೊನೇ ದಿನ ಬರೋಕೆ ಮುಂಚೆ ಮಾಡಿ, ಆವತ್ತು ಸಂಜೆ ನಾಲ್ಕೂವರೆಗೆ ಅಲ್ಲ.